ಸ್ಯಾನ್ ಫ್ರಾನ್ಸಿಸ್ಕೋಗೆ ಮೂರು ದಾರಿ: ನಾನು ಹೋಗಿ ಬಂದಂತೆ

ಮಗಳು ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನಿವೇಲ್‌ನಲ್ಲಿ. ಮೈಸೂರಿನ ಕುವೆಂಪುನಗರದಿಂದ ಮೂರು ಸಲ ಹೋಗಿ ಬಂದಿದ್ದೇನೆ, ಮೂರು ಸಲವೂ ಬೇರೆ ದಾರಿ. "ಯಾವ ಫ್ಲೈಟು ಒಳ್ಳೇದು ಆಂಟಿ?" ಅಂತ ಬೀದಿಯಲ್ಲಿ ಕೇಳುವವರು ಹೆಚ್ಚಾದ್ದರಿಂದ ಬರೆದೇಬಿಡುತ್ತಿದ್ದೇನೆ.

ಮೊದಲ ಸಲ, 2018ರಲ್ಲಿ, ದುಬೈ ಮೇಲೆ. ನಡುವೆ ಇಳಿದು ಸುಧಾರಿಸಿಕೊಳ್ಳಬಹುದು ಅಂದುಕೊಂಡಿದ್ದೆ. ಬೆಂಗಳೂರಿಂದ ದುಬೈಗೆ 2,700 ಕಿ.ಮೀ., ನಾಲ್ಕೇ ಗಂಟೆ. ಇನ್ನೂ ಆಯಾಸವೇ ಆಗಿರುವುದಿಲ್ಲ, ಇಳಿಸಿಬಿಡುತ್ತಾರೆ. ಅಲ್ಲಿಂದ ಮುಂದೆ 13,000 ಕಿ.ಮೀ., ಹತ್ತಿರ ಹತ್ತಿರ 16 ಗಂಟೆ ಒಂದೇ ಸಮ ಕೂರಬೇಕು. ನನ್ನ ಮೊದಲ ವಿಮಾನ ತಡವಾಗಿ ನಡುವೆ ಸಿಕ್ಕಿದ್ದು ಮುಕ್ಕಾಲು ಗಂಟೆ. ನಾನು ಓಡಿ ಹತ್ತಿದೆ, ಸೂಟ್‌ಕೇಸು ಹತ್ತಲಿಲ್ಲ. ಬಾಣಂತಿಗೆಂದು ಕಟ್ಟಿದ್ದ ಅಂಟಿನುಂಡೆ ಎರಡು ದಿನ ಬಿಟ್ಟು ಮನೆಗೆ ಬಂತು.

2023ರಲ್ಲಿ ಏರ್ ಇಂಡಿಯಾದ ನೇರ ವಿಮಾನ. ಇದು 2021ರ ಜನವರಿಯಲ್ಲಿ ಶುರುವಾದದ್ದು. ಆ ಕಡೆಯಿಂದ ಹೊರಟ ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ನೆನೆದರೆ ಈಗಲೂ ಹೆಮ್ಮೆ. ದೂರ ಸುಮಾರು 14,000 ಕಿ.ಮೀ. ಹೋಗುವಾಗ 16 ಗಂಟೆ, ಬರುವಾಗ ಹದಿನೇಳೂವರೆ. ಅಷ್ಟು ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಹೋಗುವಾಗ ಬೆನ್ನಿಗೆ ಬಲ, ಬರುವಾಗ ಎದುರು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಮಧ್ಯಾಹ್ನ ಹೊರಟವಳು ಅದೇ ದಿನ ಸಂಜೆ ಮೊಮ್ಮಗಳನ್ನು ಎತ್ತಿಕೊಂಡಿದ್ದೆ. ಸಾಮಾನೂ ಜೊತೆಗೇ ಬಂತು. ಕಾಲು ಮಾತ್ರ ಕೇಳಲಿಲ್ಲ. ಇಳಿಯುವ ಹೊತ್ತಿಗೆ ಪಾದ ಊದಿ ಚಪ್ಪಲಿಯ ಪಟ್ಟಿ ಕೊಂಡಿಗೆ ಎಟುಕಲಿಲ್ಲ, ಹಾಗೇ ಎಳೆದುಕೊಂಡು ನಡೆದೆ. ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ಸಿನಲ್ಲಿ ನಾಲ್ಕು ಗಂಟೆಗೂ ಮೇಲೆ ಮೊದಲೇ ಕೂತಿರುತ್ತೇವಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೋದ ವರ್ಷ ಫ್ರಾಂಕ್‌ಫರ್ಟ್ ಮೇಲೆ ಹೋದೆ. ದೂರದ ಲೆಕ್ಕದಲ್ಲಿ ಮೂರರಲ್ಲೂ ಇದೇ ಸುತ್ತು: 7,400 ಮತ್ತು 9,150, ಒಟ್ಟು 16,500 ದಾಟುತ್ತದೆ. ಆದರೆ ದಾರಿ ಹೆಚ್ಚುಕಡಿಮೆ ಸಮನಾಗಿ ಒಡೆಯುತ್ತದೆ, ಸುಮಾರು 10 ಗಂಟೆ ಒಂದು, ಹನ್ನೊಂದೂವರೆ ಇನ್ನೊಂದು. ನಡುವೆ ಮೂರೂವರೆ ಗಂಟೆ ಬಿಡುವು. ಗಾಜಿನ ಗೋಡೆಯುದ್ದಕ್ಕೂ ನಾಲ್ಕು ಸಲ ನಡೆದೆ, ಮುಖ ತೊಳೆದೆ, ಡಬ್ಬಿ ಬಿಚ್ಚಿ ಚಟ್ನಿಪುಡಿ ಹಾಕಿಕೊಂಡು ಚಪಾತಿ ತಿಂದೆ. ಒಟ್ಟು 25 ಗಂಟೆ ಹಿಡಿಯಿತು, ಆದರೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಪ್ಪಲಿ ಸಲೀಸಾಗಿ ಹಾಕಿಕೊಂಡೆ.

ಮೊಣಕಾಲು ಗಟ್ಟಿಯಿದ್ದು, ಗೇಟು ಹುಡುಕಿಕೊಂಡು ಹೋಗಲು ಹೆದರಿಕೆಯಾದರೆ ನೇರ ವಿಮಾನವೇ ಸರಿ. ನೀವು ಹೊರಡುವ ತಿಂಗಳಲ್ಲಿ ಅದು ಓಡುತ್ತದೆಯೇ ಅಂತ ಮೊದಲು ವಿಚಾರಿಸಿ. ದುಬೈ ದಾರಿಯನ್ನು ನನ್ನ ವಯಸ್ಸಿನವರಿಗೆ ಹೇಳಲಾರೆ. ಮುಂದಿನ ಸಲಕ್ಕೂ ಫ್ರಾಂಕ್‌ಫರ್ಟೇ ಇರಲಿ, ನಡುವೆ ಮೂರು ಗಂಟೆಗೆ ಕಡಿಮೆಯಾಗದ ಹಾಗೆ ನೋಡು ಅಂತ ಮಗಳಿಗೆ ಹೇಳಿದ್ದೇನೆ.