ಅಣು ಮಾದರಿ ಪೆಟ್ಟಿಗೆ: ಒಂದು ವರ್ಷ ತರಗತಿಯಲ್ಲಿ ಬಳಸಿದ ಮೇಲೆ

ಬಾಗಲಕೋಟೆಯ ನವನಗರದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ವಿಜ್ಞಾನ ಕಲಿಸುವ ನಾನು, ಕಳೆದ ವರ್ಷ ಬೆಳಗಾವಿಯ ಅಂಗಡಿಯೊಂದರಿಂದ ಪ್ಲಾಸ್ಟಿಕ್ ಚೆಂಡು ಮತ್ತು ಕಡ್ಡಿಗಳ ಅಣು ಮಾದರಿ ಪೆಟ್ಟಿಗೆಯನ್ನು ತಂದೆ. ಕಪ್ಪು ಕಾರ್ಬನ್, ಬಿಳಿ ಹೈಡ್ರೋಜನ್, ಕೆಂಪು ಆಕ್ಸಿಜನ್, ನೀಲಿ ನೈಟ್ರೋಜನ್, ಹಸಿರು ಕ್ಲೋರಿನ್ ಎಂಬ ಈ ಬಣ್ಣಗಳ ರೂಢಿ, 1865ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಹಾಫ್‌ಮನ್ ಲಂಡನ್ನಿನಲ್ಲಿ ಕ್ರೋಕೆ ಆಟದ ಚೆಂಡುಗಳಿಂದ ಅಣುಗಳನ್ನು ಕಟ್ಟಿ ತೋರಿಸಿದ ಕಾಲದಿಂದ ಬಂದದ್ದು.

ಸಹವೇಲೆನ್ಸೀಯ ಬಂಧ, ಅಂದರೆ ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡು ಕೂಡುವ ಬಂಧ, ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಕಪ್ಪು ಹಲಗೆಯ ಮೇಲೆ ಮೀಥೇನನ್ನು ಕೂಡಿಸುವ ಚಿಹ್ನೆಯಂತೆ ಚಪ್ಪಟೆಯಾಗಿ ಬರೆಯುತ್ತೇವೆ. ಕೈಯಲ್ಲಿ ಕಟ್ಟಿದಾಗ ನಾಲ್ಕು ಹೈಡ್ರೋಜನ್‌ಗಳು 109.5 ಡಿಗ್ರಿ ಕೋನದಲ್ಲಿ ನಾಲ್ಕು ದಿಕ್ಕಿಗೆ ಚಾಚಿ ನಿಲ್ಲುತ್ತವೆ. ನೀರಿನ ಅಣುವನ್ನು ಕಟ್ಟಿದ ಹುಡುಗಿಯೊಬ್ಬಳು “ಸರ್, ಇದು ನೆಟ್ಟಗಿಲ್ರೀ, ಡೊಂಕ ಐತ್ರೀ” ಎಂದಾಗ, ಆಕ್ಸಿಜನ್ನಿನ ಮೇಲೆ ಬಂಧಕ್ಕೆ ಸೇರದ ಎರಡು ಎಲೆಕ್ಟ್ರಾನ್ ಜೋಡಿಗಳಿದ್ದು, ಅವು ಹೈಡ್ರೋಜನ್‌ಗಳೊಂದಿಗಿನ ಎರಡು ಬಂಧಗಳನ್ನು ಹತ್ತಿರಕ್ಕೆ ತಳ್ಳಿ ಕೋನವನ್ನು 104.5 ಡಿಗ್ರಿಗೆ ಇಳಿಸುತ್ತವೆ ಎಂದು ಹೇಳಲು ನನಗೆ ದಾರಿ ಸಿಕ್ಕಿತು. ಈಥೇನಿನ ಒಂಟಿ ಬಂಧ ಬೆರಳಿನಲ್ಲಿ ಸರಾಗವಾಗಿ ತಿರುಗುತ್ತದೆ, ಈಥೀನಿನ ದ್ವಿಬಂಧ ತಿರುಗುವುದಿಲ್ಲ. ಇದನ್ನು ಬಾಯಿಂದ ವಿವರಿಸಬೇಕಾಗಿಯೇ ಇಲ್ಲ.

ಕೊರತೆಗಳೂ ಇವೆ. ದ್ವಿಬಂಧಕ್ಕೆ ಉದ್ದನೆಯ ಬಾಗುವ ಕಡ್ಡಿಗಳನ್ನು ಕೊಟ್ಟಿರುವುದರಿಂದ ಅದೇ ಹೆಚ್ಚು ಉದ್ದದ ಬಂಧವೆಂದು ಮಕ್ಕಳು ತಿಳಿಯುತ್ತಾರೆ. ವಾಸ್ತವದಲ್ಲಿ ಕಾರ್ಬನ್‌ಗಳ ನಡುವಿನ ಒಂಟಿ ಬಂಧ 154 ಪಿಕೋಮೀಟರ್, ದ್ವಿಬಂಧ 134. ಬಿಳಿ ಚೆಂಡುಗಳ ರಂಧ್ರಗಳು ಆರು ತಿಂಗಳಲ್ಲೇ ಸಡಿಲವಾದವು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಮತ್ತೊಂದು. ಚೆಂಡಿಗೆ ಕಡ್ಡಿಯನ್ನು ಒತ್ತಿ ಸೇರಿಸಲು ಬಲ ಬೇಕು. ಆದ್ದರಿಂದ ಬಂಧ ಉಂಟಾಗಲು ಶಕ್ತಿ ವ್ಯಯವಾಗುತ್ತದೆ, ಮುರಿದರೆ ಶಕ್ತಿ ಹೊರಬರುತ್ತದೆ ಎಂಬ ತಪ್ಪು ತಿಳಿವಳಿಕೆ ಮಕ್ಕಳಲ್ಲಿ ಗಟ್ಟಿಯಾಗುತ್ತದೆ. ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಬಿಡಿ ಹೈಡ್ರೋಜನ್ ಪರಮಾಣುಗಳು ಜೋಡಿಯಾದಾಗ, ಹಂಚಿಕೊಂಡ ಎಲೆಕ್ಟ್ರಾನ್‌ಗಳನ್ನು ಎರಡೂ ಬೀಜಕೇಂದ್ರಗಳು ಸೆಳೆಯುವುದರಿಂದ, ಒಂದು ಮೋಲ್ ಅಣುಗಳಿಗೆ ಸುಮಾರು 436 ಕಿಲೋಜೂಲ್ ಶಕ್ತಿ ಹೊರಬರುತ್ತದೆ. ಬಿಡಿಸಲು ಅಷ್ಟನ್ನೇ ಕೊಡಬೇಕು. ಪೆಟ್ಟಿಗೆಯನ್ನು ಮಕ್ಕಳ ಕೈಗೆ ಕೊಡುವ ಮೊದಲೇ ಇದನ್ನು ಹೇಳಿಬಿಡುವುದು ಅಗತ್ಯ.

ಜೊತೆಗೆ ಬಂದ ಕಿರುಪುಸ್ತಕದಲ್ಲಿ ಅಡುಗೆ ಉಪ್ಪನ್ನು ಒಂದು ಸೋಡಿಯಂ, ಒಂದು ಕ್ಲೋರಿನ್, ನಡುವೆ ಒಂದು ಕಡ್ಡಿಯಾಗಿ ಚಿತ್ರಿಸಿದ್ದಾರೆ. ಇದು ಸಣ್ಣ ತಪ್ಪಲ್ಲ. ಸೋಡಿಯಂ ತನ್ನ ಹೊರಕವಚದ ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಬಿಟ್ಟುಕೊಟ್ಟ ಮೇಲೆ ಉಳಿಯುವುದು ವಿರುದ್ಧ ಆವೇಶಗಳ ಸೆಳೆತವೇ ಹೊರತು ಇಬ್ಬರಿಗಷ್ಟೇ ಸೇರಿದ ಜೋಡಿಯಲ್ಲ. ಹೀಗಾಗಿ ಉಪ್ಪಿನ ಪಾಠಕ್ಕೆ ಈ ಪೆಟ್ಟಿಗೆಯನ್ನು ನಾನು ತೆರೆಯುವುದಿಲ್ಲ. ಕ್ಲೋರೈಡ್ ಅಯಾನಿಗೆ (ಎಲೆಕ್ಟ್ರಾನ್ ಪಡೆದು ಆವೇಶ ಹೊತ್ತ ಕ್ಲೋರಿನ್) ನಿಂಬೆಹಣ್ಣು, ಅದಕ್ಕಿಂತ ಚಿಕ್ಕದಾದ ಸೋಡಿಯಂ ಅಯಾನಿಗೆ ಬಾರಿಹಣ್ಣು ಇಟ್ಟು, ತಟ್ಟೆಯಲ್ಲಿ ಒಂದು ಬಿಟ್ಟು ಒಂದರಂತೆ ಸಾಲಾಗಿ ಜೋಡಿಸಿ, ಪ್ರತಿ ಬಾರಿಹಣ್ಣಿನ ಸುತ್ತ ನಾಲ್ಕು ನಿಂಬೆ, ಮೇಲೊಂದು, ಕೆಳಗೊಂದು ಎಂದು ಆರನ್ನೂ ಮಕ್ಕಳಿಂದಲೇ ಎಣಿಸುತ್ತೇನೆ.