ಮನೆಯ ಬ್ಯಾಕಪ್‌ಗೆ ಸದ್ದಿಲ್ಲದ, ವೇಗದ ಪೆಟ್ಟಿಗೆ: ಸಿನಾಲಜಿ ಡಿಎಸ್224+ ವಿಮರ್ಶೆ

ಮನೆಯವರೆಲ್ಲರ ಫೋಟೊ, ವಿಡಿಯೊ, ಆಸ್ತಿಪತ್ರಗಳ ಸ್ಕ್ಯಾನ್ ಪ್ರತಿ, ಮಕ್ಕಳ ಅಂಕಪಟ್ಟಿ, ಕಚೇರಿಯ ಕಡತ ಇವೆಲ್ಲವೂ ಒಂದೊಂದು ಫೋನು, ಲ್ಯಾಪ್‌ಟಾಪಿನಲ್ಲಿ ಚದುರಿ ಹೋಗಿರುವ ಕಾಲವಿದು. ಅವನ್ನೆಲ್ಲ ತಾನಾಗಿಯೇ ಒಂದೆಡೆ ನಕಲು ಮಾಡಿಟ್ಟುಕೊಳ್ಳುವ ನ್ಯಾಸ್ ಪೆಟ್ಟಿಗೆ, ಅಂದರೆ ಮನೆಯ ರೂಟರಿಗೆ ಜೋಡಿಸಿಡುವ ಹಾರ್ಡ್ ಡಿಸ್ಕ್‌ಗಳ ಗೂಡು, ಹಗಲಿರುಳೂ ಚಾಲನೆಯಲ್ಲಿದ್ದರೆ ಮಾತ್ರ ಪ್ರಯೋಜನಕ್ಕೆ ಬರುತ್ತದೆ. ಆದ್ದರಿಂದ ಇಂಥ ಸಾಧನವನ್ನು ಆರಿಸುವಾಗ ನಾನು ಸದ್ದಿನ ವಿಚಾರವನ್ನು ವೇಗಕ್ಕಿಂತ ಮೊದಲು ನೋಡುತ್ತೇನೆ. ರಾತ್ರಿ ನಿದ್ದೆ ಕೆಡಿಸುವ ಪೆಟ್ಟಿಗೆಯನ್ನು ಮನೆಯಲ್ಲಿ ಯಾರಾದರೊಬ್ಬರು ಸ್ವಿಚ್ ಆರಿಸಿಯೇ ಆರಿಸುತ್ತಾರೆ. ಹಾಗೆ ಆರಿಸಿದ ದಿನದಿಂದ ಬ್ಯಾಕಪ್ ಕೂಡ ನಿಲ್ಲುತ್ತದೆ.

ಸಿನಾಲಜಿ ಕಂಪನಿ 2023ರಲ್ಲಿ ಬಿಡುಗಡೆ ಮಾಡಿದ ಡಿಎಸ್224+ ಎರಡು ಡಿಸ್ಕ್ ಹಿಡಿಸುವ ಪೆಟ್ಟಿಗೆ. ಇಂಟೆಲ್ ಸೆಲೆರಾನ್ ಜೆ4125 ಎಂಬ ನಾಲ್ಕು ಕೋರ್‌ಗಳ ಪ್ರೊಸೆಸರ್, 2 ಜಿಬಿ ಮೆಮೊರಿ (ಇನ್ನೂ 4 ಜಿಬಿ ಸೇರಿಸಬಹುದು), ಎರಡು ಗಿಗಾಬಿಟ್ ನೆಟ್‌ವರ್ಕ್ ಪೋರ್ಟು, ಹಿಂಬದಿಯಲ್ಲಿ 92 ಮಿಲಿಮೀಟರಿನ ಒಂದೇ ಫ್ಯಾನ್. ವಿದ್ಯುತ್ ಅಡಾಪ್ಟರ್ ಲ್ಯಾಪ್‌ಟಾಪಿನಂತೆ ಹೊರಗಡೆಯೇ ಇರುವುದರಿಂದ ಅದಕ್ಕೆಂದು ಇನ್ನೊಂದು ಪುಟ್ಟ ಫ್ಯಾನ್ ಒಳಗೆ ಕಿರುಚುವ ಪ್ರಮೇಯವಿಲ್ಲ. ಡಿಸ್ಕ್ ಕೂರಿಸಲು ಸ್ಕ್ರೂ ಡ್ರೈವರ್ ಸಹ ಬೇಕಿಲ್ಲ, ತಟ್ಟೆಯಲ್ಲಿಟ್ಟು ಎರಡೂ ಬದಿಯ ಪಟ್ಟಿಗಳನ್ನು ಒತ್ತಿದರೆ ಸಾಕು.

ಫ್ಯಾನ್ ವೇಗವನ್ನು ಸೆಟ್ಟಿಂಗ್ಸ್‌ನಲ್ಲಿ ನಿಶ್ಶಬ್ದ ವಿಧಾನಕ್ಕೆ ಬದಲಾಯಿಸಿದ ಮೇಲೆ ಈ ಪೆಟ್ಟಿಗೆಯದೇ ಆದ ಸದ್ದು ಸೀಲಿಂಗ್ ಫ್ಯಾನ್ ತಿರುಗುವ ಕೋಣೆಯಲ್ಲಿ ಕಿವಿಗೆ ಬೀಳುವುದೇ ಇಲ್ಲ. ಹಾಗಾದರೆ ನ್ಯಾಸ್ ಗದ್ದಲ ಮಾಡುತ್ತದೆಂಬ ದೂರು ಎಲ್ಲಿಂದ ಹುಟ್ಟಿತು? ಹೆಚ್ಚಿನ ಪಾಲು ಹಾರ್ಡ್ ಡಿಸ್ಕ್‌ಗಳಿಂದ. ತಟ್ಟೆ ತಿರುಗುವ ಸಣ್ಣ ಗುಂಯ್‌ಗುಡುವಿಕೆ ಒಂದು, ಓದುವ ತಲೆ ಅತ್ತಿಂದಿತ್ತ ಹಾರುವಾಗಿನ ಕಟಕಟ ಇನ್ನೊಂದು. ಮೊದಲನೆಯದಕ್ಕೆ ಕಿವಿ ಬೇಗ ಒಗ್ಗಿಕೊಳ್ಳುತ್ತದೆ, ಎರಡನೆಯದಕ್ಕೆ ಒಗ್ಗುವುದಿಲ್ಲ, ಏಕೆಂದರೆ ಅದಕ್ಕೆ ಲಯವೇ ಇಲ್ಲ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ಗಿಂತ 5400 ಸುತ್ತಿನದು ಎರಡೂ ಬಗೆಯ ಸದ್ದಿನಲ್ಲಿ ಸೌಮ್ಯ, ಬಿಸಿಯೂ ಕಡಿಮೆ. ದೊಡ್ಡ ಗಾತ್ರದ, ಅಂದರೆ 10 ಟಿಬಿ ಮತ್ತು ಅದಕ್ಕೂ ಮೇಲಿನ ನ್ಯಾಸ್ ಡಿಸ್ಕ್‌ಗಳು ಬಹುಪಾಲು 7200 ಸುತ್ತಿನವು. ಮುಂದೆ ಬೇಕಾದೀತೆಂದು ಮೊದಲೇ ಅಂಥವನ್ನು ತಂದು ಹಾಲ್‌ನಲ್ಲಿಟ್ಟವರು ಆಮೇಲೆ ಬೈಯುವುದು ಪಾಪ, ಪೆಟ್ಟಿಗೆಯನ್ನು. ಮನೆಯ ಬಳಕೆಗೆ 4 ಟಿಬಿಯ ಎರಡು ಡಿಸ್ಕ್ ಧಾರಾಳವಾಯಿತು ಎಂಬುದು ನನ್ನ ಅಭಿಪ್ರಾಯ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಪ್ಲಸ್ ಅಥವಾ ಸೀಗೇಟ್‌ನ ಐರನ್‌ವುಲ್ಫ್, ಯಾವುದಾದರೂ ಆದೀತು. ಎರಡಕ್ಕೂ 3 ವರ್ಷದ ವಾರಂಟಿ ಇದೆ.

ಇಲ್ಲಿ ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಬರೀ ರೆಡ್ ಬೇರೆ, ರೆಡ್ ಪ್ಲಸ್ ಬೇರೆ. ಬರೀ ರೆಡ್ ಎಂಬ ಡಿಸ್ಕ್‌ನಲ್ಲಿ ದತ್ತಾಂಶದ ಪಥಗಳನ್ನು ಮಂಗಳೂರು ಹಂಚಿನ ಸಾಲಿನಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಬರೆಯಲಾಗುತ್ತದೆ. ನಡುವಿನ ಒಂದನ್ನು ಬದಲಿಸಬೇಕಾದರೆ ಪಕ್ಕದವನ್ನೂ ಎತ್ತಿ ಮತ್ತೆ ಹೊದಿಸಬೇಕು. ಎಸ್‌ಎಂಆರ್ ಎಂದು ಕರೆಯುವ ಈ ತಂತ್ರದಿಂದ ದೀರ್ಘ ಬರವಣಿಗೆಯ ವೇಗ ಕುಸಿಯುತ್ತದೆ, ಕೆಟ್ಟ ಡಿಸ್ಕಿನ ಜಾಗಕ್ಕೆ ಹೊಸದನ್ನು ಹಾಕಿ ಪ್ರತಿ ತುಂಬಿಸುವಾಗ ಬಹಳ ಹೊತ್ತು ಹಿಡಿಯುತ್ತದೆ. ಕೆಲವು ರೆಡ್ ಡಿಸ್ಕ್‌ಗಳಲ್ಲಿ ಈ ತಂತ್ರವಿದೆಯೆಂಬುದು 2020ರಲ್ಲಿ ಬಯಲಾಗಿ ಬಳಕೆದಾರರು ಆಕ್ಷೇಪಿಸಿದ ಮೇಲೆಯೇ ಕಂಪನಿ ಹೆಸರುಗಳನ್ನು ಬೇರ್ಪಡಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಳ್ಳುವಾಗ ಪ್ಲಸ್ ಎಂಬ ಪದ ಬಿಲ್ಲಿನಲ್ಲೂ ಇದೆಯೇ ಎಂದು ನೋಡಿಕೊಳ್ಳಿ, ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಭಾರತಕ್ಕೆ ಅನ್ವಯಿಸುತ್ತದೆಯೇ ಎಂಬುದನ್ನೂ ಪರೀಕ್ಷಿಸಿ. ಸಾಧ್ಯವಾದರೆ ಎರಡು ಡಿಸ್ಕ್‌ಗಳನ್ನು ಎರಡು ಅಂಗಡಿಗಳಿಂದ ತರುವುದು ಒಳ್ಳೆಯದು. ಒಂದೇ ದಿನ ತಯಾರಾಗಿ ಒಂದೇ ಪೆಟ್ಟಿಗೆಯಲ್ಲಿ ಪ್ರಯಾಣಿಸಿದವು ಒಟ್ಟಿಗೆ ಕೈಕೊಡುವ ಸಂಭವ ಆಗ ಕಡಿಮೆಯಾಗುತ್ತದೆ.

ಎಲ್ಲಿಡುತ್ತೀರಿ ಎಂಬುದೂ ಸದ್ದಿನ ಲೆಕ್ಕಕ್ಕೆ ಸೇರುತ್ತದೆ. ಪ್ಲೈವುಡ್ಡಿನ ಟೊಳ್ಳು ಶೋಕೇಸ್ ಡಿಸ್ಕಿನ ಕಂಪನವನ್ನು ಹಿಗ್ಗಿಸುತ್ತದೆ. ಅದೇ ಪೆಟ್ಟಿಗೆಯನ್ನು ಕಡಪ ಕಲ್ಲಿನ ಹಲಗೆಯ ಮೇಲೆ ದಪ್ಪ ರಬ್ಬರ್ ಚಾಪೆ ಹಾಸಿ ಇಟ್ಟರೆ ಗುಂಯ್‌ಗುಡುವುದು ಅರ್ಧಕ್ಕರ್ಧ ಅಡಗಿದಂತೆ ಅನ್ನಿಸುತ್ತದೆ. ಸದ್ದು ಬಾರದಿರಲೆಂದು ಬಾಗಿಲು ಮುಚ್ಚಿದ ಕಪಾಟಿನೊಳಗೆ ತಳ್ಳಬಾರದು, ಬಿಸಿ ಏರಿ ಫ್ಯಾನ್ ಜೋರಾಗುತ್ತದೆ, ಆಗ ಉಳಿಸಿದ ಸದ್ದು ಬಡ್ಡಿಸಮೇತ ಮರಳುತ್ತದೆ.

ಇನ್ನು ವೇಗ. ಗಿಗಾಬಿಟ್ ಪೋರ್ಟಿನ ಕಾಗದದ ಮೇಲಿನ ಮಿತಿ ಸೆಕೆಂಡಿಗೆ 125 ಎಂಬಿ, ಕೈಗೆ ದಕ್ಕುವುದು 110ರ ಸುಮಾರು. ಈಗಿನ ಹಾರ್ಡ್ ಡಿಸ್ಕ್ ಒಂದೇ ಇದನ್ನು ಮೀರಿ ಓದಬಲ್ಲದು, ಅಂದರೆ ದೊಡ್ಡ ಕಡತಗಳ ಮಟ್ಟಿಗೆ ಅಡ್ಡಿಯಾಗುವುದು ತಂತಿಯೇ. 110 ಎಂಬಿ ವೇಗದಲ್ಲಿ 1 ಟಿಬಿ ಸಾಗಿಸಲು ಎರಡೂವರೆ ಗಂಟೆ ಸಾಕು. ಆದರೆ ಹಳೆಯ ರೂಟರಿನ ಪೋರ್ಟು 100 ಮೆಗಾಬಿಟ್‌ನದಾಗಿದ್ದರೆ, ಅಥವಾ ಕೇಬಲ್ಲಿನೊಳಗಿನ ಎಂಟು ಎಳೆಗಳಲ್ಲಿ ಒಂದು ತುಂಡಾಗಿದ್ದರೂ, ವೇಗ 12 ಎಂಬಿಗೆ ಇಳಿದು ಅದೇ ಕೆಲಸಕ್ಕೆ ಇಡೀ ಒಂದು ದಿನ ಹಿಡಿಯುತ್ತದೆ. ಇಂಟರ್‌ನೆಟ್ ಹಾಕಿಸಿದಾಗ ಬಂದ ಪೆಟ್ಟಿಗೆಯ ಪೋರ್ಟುಗಳೆಲ್ಲ ಗಿಗಾಬಿಟ್ಟೇ ಎಂಬುದನ್ನು ನ್ಯಾಸ್ ಕೊಳ್ಳುವ ಮುನ್ನ ನೋಡಿಕೊಳ್ಳುವುದು ಜಾಣತನ. ಫೋಟೊಗಳಂಥ ಸಣ್ಣ ಕಡತಗಳ ರಾಶಿ ಇದ್ದಾಗ ಯಾವ ತಂತಿಯಲ್ಲೂ ಪೂರ್ಣ ವೇಗ ಸಿಗುವುದಿಲ್ಲ, ಏಕೆಂದರೆ ಪ್ರತಿ ಕಡತಕ್ಕೂ ತೆರೆಯುವ, ಮುಚ್ಚುವ ಕೆಲಸವಿರುತ್ತದೆ. ಮೊದಲ ಬ್ಯಾಕಪ್ಪನ್ನು ರಾತ್ರಿ ಹಚ್ಚಿ ಮಲಗಿಬಿಡಿ, ಮುಂದೆ ಬದಲಾದದ್ದಷ್ಟೇ ಹೋಗುತ್ತದೆ.

ಎರಡು ಪೋರ್ಟಿದ್ದರೆ ವೇಗ ಇಮ್ಮಡಿಯಾಗುತ್ತದೆಂದು ಅಂಗಡಿಯವರು ಹೇಳುವುದುಂಟು. ಎಸ್‌ಎಂಬಿ ಮಲ್ಟಿಚಾನೆಲ್ ಎಂಬ, ಎರಡು ತಂತಿಗಳಲ್ಲಿ ಒಟ್ಟಿಗೆ ಕಡತ ಸಾಗಿಸುವ ಸೌಲಭ್ಯವನ್ನು ಚಾಲೂ ಮಾಡಿ, ಕಂಪ್ಯೂಟರಿನ ಕಡೆಯಲ್ಲೂ ಎರಡು ಗಿಗಾಬಿಟ್ ತಂತಿ ಅಥವಾ 2.5 ಗಿಗಾಬಿಟ್ ಪೋರ್ಟು ಮತ್ತು ಅದಕ್ಕೊಪ್ಪುವ ನೆಟ್‌ವರ್ಕ್ ಸ್ವಿಚ್ ಇದ್ದರೆ ಅದು ನಿಜ. ವೈಫೈನಲ್ಲಿ ಕೂತ ಲ್ಯಾಪ್‌ಟಾಪಿಗೆ ಅದರಿಂದ ಲಾಭವಿಲ್ಲ. 2025ರಲ್ಲಿ ಬಂದ ಡಿಎಸ್225+ ಮಾದರಿಯಲ್ಲಿ ಒಂದು ಪೋರ್ಟು 2.5 ಗಿಗಾಬಿಟ್‌ನದು, ಪ್ರೊಸೆಸರ್ ಮಾತ್ರ ಅದೇ. ಆ ವರ್ಷದ ಪ್ಲಸ್ ಮಾದರಿಗಳಲ್ಲಿ ತನ್ನ ಮನ್ನಣೆ ಪಡೆದ ಡಿಸ್ಕ್‌ಗಳನ್ನೇ ಬಳಸಬೇಕೆಂದು ಸಿನಾಲಜಿ ಹಾಕಿದ್ದ ಕಟ್ಟುಪಾಡು ನನಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಪೆಟ್ಟಿಗೆಯನ್ನು ನಡೆಸುವ ಡಿಎಸ್‌ಎಂ 7.3 ತಂತ್ರಾಂಶದೊಂದಿಗೆ ಅದನ್ನು ಸಡಿಲಿಸಿದ್ದರಿಂದ, ಬೆಲೆಯ ವ್ಯತ್ಯಾಸ ಅಲ್ಪವಾಗಿದ್ದರೆ ಈಗ ಹೊಸ ಮಾದರಿಯನ್ನೇ ಕೊಳ್ಳುವುದು ಲೇಸು.

ತಂತ್ರಾಂಶವೇ ಈ ಕಂಪನಿಯ ನಿಜವಾದ ಬಲ. ಫೋನಿನ ಫೋಟೊಗಳಿಗೆ ಸಿನಾಲಜಿ ಫೋಟೋಸ್, ವಿಂಡೋಸ್ ಕಂಪ್ಯೂಟರನ್ನು ಇಡಿಯಾಗಿ ನಕಲಿಸಲು ಆ್ಯಕ್ಟಿವ್ ಬ್ಯಾಕಪ್, ಮ್ಯಾಕ್‌ಗೆ ಟೈಮ್ ಮಷೀನ್, ಇವು ಯಾವುದಕ್ಕೂ ಬೇರೆ ಹಣವಿಲ್ಲ. ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆಯನ್ನು ಆರಿಸಿಕೊಂಡರೆ ಸ್ನ್ಯಾಪ್‌ಶಾಟ್ ಸೌಲಭ್ಯ ಸಿಗುತ್ತದೆ. ಯಾರೋ ಅರಿಯದೆ ಒಂದು ಫೋಲ್ಡರನ್ನೇ ಅಳಿಸಿದರೂ ನಿನ್ನೆಯ ಸ್ಥಿತಿಗೆ ಮರಳಬಹುದು. ಎರಡು ಡಿಸ್ಕ್‌ಗಳಲ್ಲಿ ಒಂದೇ ಬಗೆಯ ಪ್ರತಿಯನ್ನು ಎರಡೂ ಕಡೆ ಇಡುವ ರೇಡ್ 1 ವ್ಯವಸ್ಥೆ ಇಂಥ ಸಂದರ್ಭದಲ್ಲಿ ಉಪಯೋಗಕ್ಕೆ ಬಾರದು, ಅಳಿಸಿದ್ದು ಎರಡೂ ಕಡೆ ಏಕಕಾಲಕ್ಕೆ ಅಳಿಯುತ್ತದೆ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರು ಒಂದು ಮಿತಿಯನ್ನು ತಿಳಿದಿರಬೇಕು. ಇಲ್ಲಿ ಒಂದು ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಯುನಿಕೋಡ್ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ನಮಗೆ ಸಿಗುವುದು 85 ಸಂಕೇತ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳನ್ನು, ಅಂದರೆ 18 ಬೈಟ್‌ಗಳನ್ನು ನುಂಗುತ್ತದೆ. ಎನ್‌ಕ್ರಿಪ್ಟ್ ಮಾಡಿದ, ಅಂದರೆ ಪಾಸ್‌ವರ್ಡಿನಿಂದ ಬೀಗ ಹಾಕಿದ, ಹಂಚಿಕೆಯ ಫೋಲ್ಡರಿನಲ್ಲಿ ಮಿತಿ 143 ಬೈಟ್‌ಗೆ ಇಳಿಯುತ್ತದೆ, ಆಗ ಉಳಿಯುವುದು 47 ಸಂಕೇತ ಮಾತ್ರ. ‘ಅಜ್ಜಿಯ ಎಂಬತ್ತನೆಯ ಹುಟ್ಟುಹಬ್ಬದ ಸಮಾರಂಭದ ಚಿತ್ರಗಳು’ ಎಂದು ಬರೆಯುವಷ್ಟರಲ್ಲೇ ಆ ಮಿತಿಯ ಅಂಚಿಗೆ ಬಂದಿರುತ್ತೇವೆ. ಉದ್ದ ಹೆಸರುಗಳನ್ನು ಸೇರಿಸುವ ಮೊದಲೇ ಮೊಟಕುಗೊಳಿಸಿ.

ಪೆಟ್ಟಿಗೆ ಸರಾಸರಿ 15 ವ್ಯಾಟ್ ಬಳಸುತ್ತದೆಂದು ಹಿಡಿದರೆ ತಿಂಗಳಿಗೆ 11 ಯೂನಿಟ್ ಆಗುತ್ತದೆ. ವಿದ್ಯುತ್ ಬಿಲ್ಲಿನ ಬಗ್ಗೆ ಆತಂಕ ಬೇಡ, ಆದರೆ ವಿದ್ಯುತ್ ಕಡಿತದ ಬಗ್ಗೆ ಬೇಕು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತ ಕೆಡಬಹುದು. ಮನೆಯ ಇನ್ವರ್ಟರನ್ನು ನೆಚ್ಚದೆ, ಯುಎಸ್‌ಬಿ ಕೇಬಲ್ಲಿನಿಂದ ನ್ಯಾಸ್‌ಗೆ ಜೋಡಿಸಬಹುದಾದ ಚಿಕ್ಕ ಯುಪಿಎಸ್ ತನ್ನಿ. ಬ್ಯಾಟರಿ ಮುಗಿಯುತ್ತ ಬಂದಾಗ ಪೆಟ್ಟಿಗೆ ಕೆಲಸ ನಿಲ್ಲಿಸಿ ಡಿಸ್ಕ್‌ಗಳನ್ನು ತಾನೇ ಸುರಕ್ಷಿತಗೊಳಿಸುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ವಾಸಿಸುವವರಿಗೆ ಇದು ಡಿಸ್ಕಿನಷ್ಟೇ ಅಗತ್ಯದ ಖರ್ಚು.

ಹೊರಗಿನಿಂದ ಫೋಟೊ ನೋಡುವ ಆಸೆಗೆ ರೂಟರಿನಲ್ಲಿ ಪೋರ್ಟು, ಅಂದರೆ ಅಂತರ್ಜಾಲದಿಂದ ಒಳಬರುವ ದಾರಿ, ತೆರೆದಿಡಬೇಡಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಕ್ಯೂನ್ಯಾಪ್ ಎಂಬ ಇನ್ನೊಂದು ಕಂಪನಿಯ ನ್ಯಾಸ್ ಸಾಧನಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಎರಡು ಹಂತದ ಲಾಗಿನ್ ಹಾಕಿಕೊಂಡು ವಿಪಿಎನ್ ಎಂಬ ಗುಪ್ತ ಸಂಪರ್ಕದ ಮೂಲಕ ಬರುವುದು ಕ್ಷೇಮ.

ಡಿಎಸ್224+ರಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಮುಂಭಾಗದ ಯುಎಸ್‌ಬಿ ಪೋರ್ಟು ಮತ್ತು ಅದರ ಪಕ್ಕದ ನಕಲು ಗುಂಡಿ. ಒಮ್ಮೆ ಹೊಂದಿಸಿಟ್ಟರೆ ಹೊರಗಿನ ಡಿಸ್ಕ್ ಸಿಕ್ಕಿಸಿ ಗುಂಡಿ ಒತ್ತಿದಾಗ ಆರಿಸಿದ ಫೋಲ್ಡರುಗಳ ಪ್ರತಿ ಅದಕ್ಕಿಳಿಯುತ್ತದೆ, ಕಂಪ್ಯೂಟರ್ ಬೇಕಿಲ್ಲ. ಅಂಥ ಎರಡು ಡಿಸ್ಕ್ ಇಟ್ಟುಕೊಂಡು ಒಂದನ್ನು ಊರಿನಲ್ಲಿರುವ ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇರಿಸಿ, ಹಬ್ಬಕ್ಕೆ ಹೋದಾಗಲೆಲ್ಲ ಅದಲುಬದಲು ಮಾಡಿದರೆ ಬೆಂಕಿ, ಕಳ್ಳತನ, ನೆರೆಗಳಿಗೂ ಒಂದು ಪ್ರತಿ ಸಿಗದೆ ಉಳಿಯುತ್ತದೆ. ಆ ಡಿಸ್ಕಿಗೆ ಪಾಸ್‌ವರ್ಡ್ ಬೇಕೆನ್ನುವವರು ಗುಂಡಿಯ ಬದಲು ಸಿನಾಲಜಿಯದೇ ಆದ ಹೈಪರ್ ಬ್ಯಾಕಪ್ ತಂತ್ರಾಂಶ ಬಳಸಿ ಎನ್‌ಕ್ರಿಪ್ಟ್ ಮಾಡಿಕೊಳ್ಳಬಹುದು. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಮನೆಯ ಇನ್ನೊಬ್ಬರ ಕೈಗೂ ಕೊಟ್ಟಿರಿ.