ಪದ್ಮಿನಿ ಒಳಗಿನ ಸದ್ದಿಗೆ ಯಾವ್ದು ಬೆಸ್ಟ್: ಬ್ಯೂಟೈಲ್, ಟಾರ್ ಟೇಪ್, ಫೆಲ್ಟ್, ಎಸಿ ರಬ್ಬರ್

ಮೊದ್ಲೇ ಹೇಳ್ಬಿಡ್ತೀನಿ, ಹಳೇ ಪ್ರೀಮಿಯರ್ ಪದ್ಮಿನಿ ಒಳಗೆ ಸದ್ದು ಕಮ್ಮಿ ಮಾಡೋಕೆ ಅಂತ ಏನೇನೋ ತಂದು ಅಂಟಿಸಿ ನೋಡಿದ್ರಲ್ಲಿ ಕೊಟ್ಟ ಕಾಸಿಗೆ ಜಾಸ್ತಿ ಕೆಲ್ಸ ಮಾಡಿದ್ದು ಯಾವ ಶೀಟೂ ಅಲ್ಲ, ಎಂಜಿನ್ ಮೌಂಟಿಂಗ್ ರಬ್ಬರ್ (ಎಂಜಿನ್ ಕೂರೋ ರಬ್ಬರ್) ಮತ್ತೆ ಡೋರ್ ಬೀಡಿಂಗ್ (ಬಾಗ್ಲ ಅಂಚಿನ ರಬ್ಬರ್). ಶೀಟ್‌ಗಳ ಪೈಕಿ ಕೇಳಿದ್ರೆ ಬ್ಯೂಟೈಲ್ (ತಗಡಿಗೆ ಅಂಟಿಸೋ ಒಂಥರ ರಬ್ಬರ್ ಶೀಟು), ಅದೂ ಪೂರ್ತಿ ಹೊದಿಸೋದು ಬೇಡ, ಅಲ್ಲಲ್ಲಿ ತುಂಡು ಸಾಕು. ಇಷ್ಟೇ ಬೇಕಿದ್ದೋರು ಇಲ್ಲಿಗೇ ನಿಲ್ಲಿಸ್ಬಹುದು, ಯಾಕೆ ಅಂತ ಬೇಕಿದ್ರೆ ಮುಂದೆ ಓದಿ.

ಗಾಡಿ ಎಂಬತ್ತರ ದಶಕದ್ದು, 1089 ಸಿಸಿ ಪೆಟ್ರೋಲ್, ಸ್ಟೀರಿಂಗ್ ಪಕ್ಕದ ಗೇರ್ ಲಿವರ್, ನಾಲ್ಕೇ ಗೇರು. ಮೂಲ ಡಿಸೈನು ಇಟಲಿಯ ಫಿಯಟ್ 1100, ಪದ್ಮಿನಿ ಅನ್ನೋ ಹೆಸ್ರು ಎಪ್ಪತ್ತರ ದಶಕದಲ್ಲಿ ಬಂದಿದ್ದು, ಅಂದ್ರೆ ಸೈಲೆನ್ಸ್ ಅನ್ನೋದು ಯಾರ ತಲೇಲೂ ಇಲ್ಲದ ಕಾಲದ ಗಾಡಿ. ಐದನೇ ಗೇರ್ ಇಲ್ಲ, ಹಾಗಾಗಿ ಎಂಬತ್ತು ಕಿ.ಮೀ. ಸ್ಪೀಡಲ್ಲಿ ಹೋಗ್ತಾ ಪಕ್ಕದಲ್ಲಿ ಕೂತೋರ ಹತ್ರ ಮಾತಾಡ್ಬೇಕಂದ್ರೆ ಕೂಗ್ಬೇಕು. ಬಜೆಟ್ಟು ಹತ್ತು ಸಾವಿರದೊಳಗೆ, ಶೀಟ್ ಅಂಟಿಸೋ ಕೆಲ್ಸ ಎಲ್ಲಾ ನಂದೇ, ಮೌಂಟಿಂಗ್ ಮಾತ್ರ ಮೆಕ್ಯಾನಿಕ್ ಕೈಲಿ.

ಬೆಂಗ್ಳೂರಿನ ಜೆ.ಸಿ. ರೋಡಲ್ಲಿ ಯಾವ ಗಾಡಿ ಸಾಮಾನಿನ ಅಂಗಡಿಗೆ ಹೋಗಿ ಸೌಂಡು ಜಾಸ್ತಿ ಅಂದ್ರೂ ಸೀದಾ ಶೀಟ್ ತೆಗ್ದು ಟೇಬಲ್ ಮೇಲೆ ಇಡ್ತಾರೆ. ಅದಕ್ಕಿಂತ ಮುಂಚೆ ಖರ್ಚಿಲ್ಲದ ಒಂದು ಟೆಸ್ಟ್ ಮಾಡ್ಕೊಳ್ಳಿ. ಖಾಲಿ ರೋಡಲ್ಲಿ ಗಾಡಿ ಯಾವ ಸ್ಪೀಡಲ್ಲಿ ಗುಂಯ್ ಅಂತ ಶುರು ಮಾಡತ್ತೋ ಆ ಸ್ಪೀಡಿಗೆ ತಂದು ನ್ಯೂಟ್ರಲ್ ಮಾಡಿ, ಇಗ್ನಿಷನ್ ಆಫ್ ಮಾಡ್ಬೇಡಿ. ಗುಂಯ್ ನಿಂತ್ರೆ ಅದು ಎಂಜಿನ್ ಕಡೇದು, ನಿಲ್ಲದೆ ಹಾಗೇ ಮುಂದುವರಿದ್ರೆ ಟೈರು, ವೀಲ್ ಬ್ಯಾಲೆನ್ಸಿಂಗು ಇಲ್ಲಾ ಪ್ರೊಪೆಲ್ಲರ್ ಶಾಫ್ಟು (ಗೇರ್ ಬಾಕ್ಸಿಂದ ಹಿಂದಕ್ಕೆ ಹೋಗೋ ತಿರುಗೋ ರಾಡು). ಆಮೇಲೆ ನಿಂತ ಜಾಗದಲ್ಲೇ ಅಷ್ಟೇ ರೇಸ್ ಕೊಟ್ಟು ನೋಡಿ, ಅದೇ ನಡುಕ ಬಂದ್ರೆ ಮೌಂಟಿಂಗು ಅಥವಾ ಸೈಲೆನ್ಸರ್ ಎಲ್ಲೋ ಬಾಡಿಗೆ ತಾಗ್ತಿದೆ. ನನ್ನ ಗಾಡೀಲಿ ಎರಡೂ ಇತ್ತು, ಮೌಂಟಿಂಗು ಕೂತ್ಬಿಟ್ಟಿತ್ತು, ಸೈಲೆನ್ಸರ್ ನೇತು ಹಾಕೋ ರಬ್ಬರ್ ಇರೋ ಜಾಗದಲ್ಲಿ ಯಾರೋ ಪುಣ್ಯಾತ್ಮ ಕಬ್ಬಿಣದ ತಂತಿ ಬಿಗಿದಿದ್ದ. ತಂತಿ ಅಂದ್ರೆ ಎಂಜಿನ್ ನಡುಕ ನೇರವಾಗಿ ಫ್ಲೋರಿಗೆ ಕನೆಕ್ಷನ್ ಕೊಟ್ಟ ಹಾಗೆ, ಅದರ ಮೇಲೆ ನೀವು ಎಷ್ಟು ಶೀಟ್ ಹಾಸಿದ್ರೂ ಕಾಲಿಗೆ ಜುಮ್ ಅನ್ನೋದು ಹೋಗಲ್ಲ.

ಮೌಂಟಿಂಗ್‌ನಲ್ಲೂ ಎರಡು ಥರ ಟ್ರೈ ಮಾಡ್ದೆ. ಅಗ್ಗದ್ದು ನೋಡೋಕೆ ಹೊಸದಾಗಿ ಮಿರಿಮಿರಿ ಅಂತಿತ್ತು, ಆದ್ರೆ ಉಗುರಲ್ಲಿ ಒತ್ತಿದ್ರೆ ಗುರುತೇ ಬೀಳಲ್ಲ, ಅಷ್ಟು ಗಟ್ಟಿ. ಹಾಕಿದ್ಮೇಲೆ ಐಡ್ಲಿಂಗಲ್ಲಿ ರಿಯರ್ ವ್ಯೂ ಕನ್ನಡಿ ಮೊದಲಿಗಿಂತ ಜಾಸ್ತಿ ಅದುರೋಕೆ ಶುರು. ನಮ್ಮ ಮೆಕ್ಯಾನಿಕ್ ನಗ್ತಾ, "ಸಾರ್, ಇದು ರಬ್ಬರಲ್ಲ, ಮರ. ನೂರೈವತ್ತು ಇನ್ನೂರು ಉಳ್ಸೋಕೆ ಹೋಗ್ಬೇಡಿ, ಮೆತ್ತಗಿರೋದು ಹುಡುಕ್ಕೊಂಡು ಬನ್ನಿ" ಅಂದ. ಹುಡುಕ್ತಾ ಹುಡುಕ್ತಾ ಒಂದು ಹಳೇ ಫಿಯಟ್ ಸ್ಪೇರ್ಸ್ ಅಂಗಡೀಲಿ ಮೆತ್ತಗಿರೋ ಸೆಟ್ ಸಿಕ್ತು, ಗೇರ್‌ಬಾಕ್ಸ್ ಮೌಂಟಿಂಗೂ ಅಲ್ಲೇ ತಗೊಂಡೆ, ಸೈಲೆನ್ಸರ್‌ಗೆ ಸರಿಯಾದ ರಬ್ಬರ್ ಹಾಕಿಸ್ದೆ. ಕನ್ನಡಿ ನಿಂತು ಹಿಂದಿನ ಆಟೋ ನಂಬರ್ ಪ್ಲೇಟ್ ಓದೋ ಹಾಗಾಯ್ತು. ಕೆಲವರು ಬಾಳಿಕೆ ಬರತ್ತೆ ಅಂತ ಪಾಲಿಯುರೆಥೇನ್ ಬುಷ್ ಹಾಕ್ಸಿ ಅಂತಾರೆ, ಬಾಳಿಕೆ ನಿಜಾನೇ, ಆದ್ರೆ ಅದು ರಬ್ಬರಿಗಿಂತ ಗಟ್ಟಿ, ನಡುಕ ಕಮ್ಮಿ ಆಗ್ಬೇಕು ಅನ್ನೋರಿಗೆ ಅದು ಉಲ್ಟಾ ದಾರಿ.

ಈಗ ಶೀಟ್ ವಿಷ್ಯ. ನ್ಯಾಯವಾಗಿ ಹೋಲ್ಸೋಣ ಅಂತ ಬಲಗಡೆ ಡೋರ್‌ಗಳಿಗೆ ಬ್ಯೂಟೈಲ್ ಶೀಟು, ಎಡಗಡೆ ಡೋರ್‌ಗಳಿಗೆ ಹಾರ್ಡ್‌ವೇರ್ ಅಂಗಡೀಲಿ ಸಿಗೋ, ಮನೆ ತಾರಸಿ ಸೋರಿದ್ರೆ ಅಂಟಿಸ್ತಾರಲ್ಲ, ಆ ಟಾರ್ ಟೇಪು. ನೋಡೋಕೆ ಎರಡೂ ಒಂದೇ ಥರ, ಮೇಲೆ ಅಲ್ಯೂಮಿನಿಯಂ ಹಾಳೆ, ಕೆಳಗೆ ಕಪ್ಪು ಅಂಟು, ರೇಟಲ್ಲಿ ಬ್ಯೂಟೈಲು ಸುಮಾರು ಮೂರು ಪಟ್ಟು. ಬಿಡಿ ತಗಡನ್ನ ಗೆಣ್ಣಲ್ಲಿ ತಟ್ಟಿದ್ರೆ ಢಣ್ ಅಂತ ಎಳ್ಕೊಂಡು ಹೋಗತ್ತೆ, ಬ್ಯೂಟೈಲ್ ಒಂದೇ ಒಂದು ಅಂಗೈಯಗಲದ ತುಂಡು ಮಧ್ಯದಲ್ಲಿ ಅಂಟಿಸಿ ತಟ್ಟಿದ್ರೆ ದಪ್ ಅಂತ ಸತ್ತೋಗತ್ತೆ. ತಗಡು ಅದುರುವಾಗ ಮೇಲಿನ ಅಲ್ಯೂಮಿನಿಯಂ ಹಾಳೆ ಹಿಗ್ಗಲ್ಲ ಅಂತ ಹಟ ಹಿಡಿಯತ್ತೆ, ಮಧ್ಯದ ರಬ್ಬರು ಎರಡರ ನಡುವೆ ಎಳೆದಾಡಿ ಆ ಅದುರು ಶಾಖ ಆಗಿ ಹೋಗತ್ತೆ, ಇಷ್ಟೇ ವಿಜ್ಞಾನ. ಹಾಗಾಗಿ ಪ್ಯಾನಲ್ಲಿನ ಕಾಲುಭಾಗ ಅಥವಾ ಸ್ವಲ್ಪ ಜಾಸ್ತಿ ಮುಚ್ಚಿದ್ರೆ ಸಾಕು, ಆಮೇಲೆ ಹಾಕಿದ್ದೆಲ್ಲ ಭಾರ ಅಷ್ಟೇ, 2 ಎಂಎಂ ಶೀಟು ಒಂದು ಚದರ ಮೀಟರ್‌ಗೆ ಹತ್ರ ಹತ್ರ 3 ಕೆಜಿ ತೂಗತ್ತೆ, ಗಾಡಿನೇ ಒಂದು ಟನ್ ಇಲ್ಲ.

ಟಾರ್ ಟೇಪು ತಟ್ಟಿದ್ರೆ ಮೊದಮೊದ್ಲು ಅದೂ ದಪ್ ಅಂತಾನೇ ಅಂತಿತ್ತು, ಬ್ಯೂಟೈಲಿನಷ್ಟಿಲ್ಲ, ಆದ್ರೆ ರೇಟಿಗೆ ಮೋಸ ಇಲ್ಲ ಅನ್ನಿಸ್ತು. ಬಣ್ಣ ಬಯಲಾಗಿದ್ದು ಮಾರ್ಚ್ ಬಿಸಿಲಿಗೆ. ಗಾಡಿನ ಮಧ್ಯಾಹ್ನ ಬಯಲಲ್ಲಿ ನಿಲ್ಸಿ ಸಂಜೆ ಬಾಗ್ಲು ತೆಗೆದ್ರೆ ಹೊಸದಾಗಿ ಡಾಂಬರು ಹಾಕಿದ ರೋಡ್ ವಾಸನೆ. ಡೋರ್ ಟ್ರಿಮ್ ಬಿಚ್ಚಿ ನೋಡಿದ್ರೆ ಟೇಪು ಮೇಲಿನ ಅಂಚಿಂದ ಬಿಟ್ಕೊಂಡು ಜಾರಿ ಗಾಜಿನ ಮೆಷಿನ್ ಹತ್ರಕ್ಕೆ ಬಂದಿತ್ತು, ಇನ್ನೊಂದಿಷ್ಟು ದಿನ ಬಿಟ್ಟಿದ್ರೆ ಕಿಟಕಿ ಜಾಮ್. ಕೆರೆದು ತೆಗ್ದು ಸೀಮೆಎಣ್ಣೇಲಿ ಒರೆಸೋ ಹೊತ್ತಿಗೆ ಸಾಕಾಯ್ತು. ಬ್ಯೂಟೈಲು ಅದೇ ಬಿಸಿಲಲ್ಲಿ ಅಲ್ಲಾಡಿಲ್ಲ. ಅಂಟಿಸೋವಾಗ ಒಂದು ಮಾತು, ಕೈಲಿ ಒತ್ತಿದ್ರೆ ಆಗಲ್ಲ, ಸಣ್ಣ ರೋಲರ್ ತಗೊಂಡು ಹಾಳೆ ಮೇಲಿನ ಉಬ್ಬು ಡಿಸೈನ್ ಪೂರ್ತಿ ಮಾಯ ಆಗೋವರೆಗೂ ಉಜ್ಜಿ, ಡೋರ್ ತಳದಲ್ಲಿರೋ ನೀರು ಹೋಗೋ ತೂತು ಮಾತ್ರ ಮುಚ್ಚಬೇಡಿ.

ಫ್ಲೋರಿಗೆ ಎಡಗಡೆ ಸೆಣಬಿನ ಫೆಲ್ಟು, ಬಲಗಡೆ ಎಸಿ ಡಕ್ಟಿಂಗ್ ಮಾಡೋರು ಪೈಪು ಡಕ್ಟಿಗೆಲ್ಲ ಸುತ್ತೋ ಕಪ್ಪು ನೈಟ್ರೈಲ್ ರಬ್ಬರ್ ಶೀಟು, 9 ಎಂಎಂದು. ಸೌಂಡ್ ವಿಷ್ಯದಲ್ಲಿ ಫೆಲ್ಟೇ ಒಂದು ಕೈ ಮೇಲು ಅಂದ್ರೆ ನಂಬ್ತೀರಾ? ಟೈರಿನ ಸರ್ ಸರ್ ಸದ್ದನ್ನ ಅದು ಚೆನ್ನಾಗಿ ಕುಡಿಯತ್ತೆ, ರೇಟೂ ಕಮ್ಮಿ, ಆ ಕಾಲದ ಗಾಡಿಗಳಲ್ಲಿ ಇರ್ತಿದ್ದುದೂ ಅದೇ. ಆದ್ರೆ ಬೆಂಗ್ಳೂರು ಮಳೇಲಿ ಒದ್ದೆ ಚಪ್ಲಿ ಹಾಕ್ಕೊಂಡು ಹತ್ತಿ ಇಳಿದು ಮಾಡಿದ್ಮೇಲೆ ಫೆಲ್ಟು ಒಣಗೋದೇ ಇಲ್ಲ, ಎತ್ತಿ ನೋಡಿದ್ರೆ ಕೆಳಗೆ ತಗಡಲ್ಲಿ ಬೆವರು. ಪದ್ಮಿನಿ ಫ್ಲೋರಿಗೆ ತುಕ್ಕು ಹಿಡಿದ್ರೆ ಟಿಂಕರಿಂಗ್ ಖರ್ಚು ಈ ಇಡೀ ಬಜೆಟ್ಟನ್ನ ನುಂಗಿಬಿಡತ್ತೆ. ನೈಟ್ರೈಲಿನ ಗುಳ್ಳೆಗಳು ಒಂದೊಂದೂ ಮುಚ್ಚಿರತ್ತೆ, ನೀರು ಕುಡಿಯಲ್ಲ, ಎಂಜಿನ್ ಬಿಸಿನೂ ತಡಿಯತ್ತೆ, ಏಪ್ರಿಲ್‌ನಲ್ಲಿ ಕಾಲಿನ ಹತ್ರ ಸುಡೋದು ನಿಂತಿದ್ದು ನನಗೆ ಸದ್ದಿಗಿಂತ ದೊಡ್ಡ ಲಾಭ. ಗಾಡಿನ ಯಾವಾಗ್ಲೂ ಶೆಡ್ಡಲ್ಲಿಟ್ಟು ಭಾನುವಾರ ಮಾತ್ರ ತೆಗೆಯೋರು ಫೆಲ್ಟ್ ಹಾಕ್ಕೊಳ್ಳಿ, ದಿನಾ ಓಡ್ಸೋರಿಗೆ ನೈಟ್ರೈಲ್. ಸೋಫಾ ಸ್ಪಾಂಜು ಮಾತ್ರ ಯಾರೂ ತುಂಬಬೇಡಿ, ನೀರು ಹೀರತ್ತೆ, ಬೆಂಕಿನೂ ಬೇಗ ಹಿಡಿಯತ್ತೆ.

ಸ್ಪಾಂಜು ಫೋಮು ಏನೇ ಹಾಕಿದ್ರೂ ಆ ಗುಂಯ್ ಸದ್ದು ಹೋಗಲ್ಲ ಅಂತ ಎಲ್ರೂ ಬೈಕೋತಾರೆ, ಅದಕ್ಕೆ ಲೆಕ್ಕ ಇದೆ. ನಾಲ್ಕು ಸಿಲಿಂಡರ್ ಎಂಜಿನ್ನು 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಫೈರ್ ಆಗತ್ತೆ, 100 ಹರ್ಟ್ಸ್ ಶಬ್ದದ ಅಲೆ ಉದ್ದ ಸುಮಾರು 3.4 ಮೀಟರ್, ಅಷ್ಟುದ್ದದ ಅಲೆಗೆ ನಿಮ್ಮ 9 ಎಂಎಂ ಫೋಮು ಕಣ್ಣಿಗೇ ಕಾಣಲ್ಲ. ಅದನ್ನ ನಿಲ್ಲಿಸ್ಬೇಕಿದ್ರೆ ಹುಟ್ಟೋ ಜಾಗ ಅಂದ್ರೆ ಮೌಂಟಿಂಗು, ಇಲ್ಲಾ ಅದರ ಜೊತೆ ಕುಣಿಯೋ ದೊಡ್ಡ ತಗಡು ಅಂದ್ರೆ ರೂಫು. ರೂಫ್ ಲೈನಿಂಗ್ ಹೊಲಿಸೋಕೆ ಹೇಗೂ ಬಿಚ್ಚಿದ್ದೆ, ಆಗ ನಾಲ್ಕು ಪಟ್ಟಿ ಬ್ಯೂಟೈಲ್ ಹಾಕ್ದೆ, ಮಳೆ ಬಂದ್ರೆ ಈಗ ತಗಡಿನ ಶೆಡ್ಡಲ್ಲಿ ಕೂತ ಹಾಗಿರಲ್ಲ.

ಬೀಡಿಂಗ್‌ಗೆ ಬರ್ತೀನಿ. ಹತ್ತು ರೂಪಾಯಿ ನೋಟನ್ನ ಬಾಗ್ಲ ಸಂದೀಲಿಟ್ಟು ಬಾಗ್ಲು ಹಾಕಿ ಎಳೀರಿ, ಬಿಗಿಯಾಗಿ ಬಂದ್ರೆ ಸರಿ, ಸುಲಭಕ್ಕೆ ಜಾರಿ ಬಂದ್ರೆ ಅಲ್ಲಿ ರಬ್ಬರ್ ಸತ್ತಿದೆ. ನನ್ನ ಗಾಡೀಲಿ ಮೇಲಿನ ಹಿಂದಿನ ಮೂಲೆ ನಾಲ್ಕೂ ಡೋರಲ್ಲೂ ಸತ್ತಿತ್ತು. ಇಲ್ಲೂ ಎರಡು ಆಯ್ಕೆ, ಮೀಟರ್ ಲೆಕ್ಕದಲ್ಲಿ ಸಿಗೋ ಅಂಟಿಸೋ ಸ್ಪಾಂಜ್ ಪಟ್ಟಿ ಮತ್ತೆ ಡಿ ಆಕಾರದ ಟೊಳ್ಳು ಇಪಿಡಿಎಂ ರಬ್ಬರ್. ಸ್ಪಾಂಜ್ ಪಟ್ಟಿ ಒತ್ತಿ ಒತ್ತಿ ಚಪಾತಿ ಆಗಿ ಹಾಗೇ ಉಳ್ಕೊಂಡ್ಬಿಡ್ತು, ಇಪಿಡಿಎಂ ಮಾತ್ರ ಪ್ರತಿ ಸಲ ಉಬ್ಬಿ ವಾಪಸ್ ಬರತ್ತೆ. ಒಂದೇ ಕಷ್ಟ, ದಪ್ಪ ಜಾಸ್ತಿ ಆದ್ರೆ ಬಾಗ್ಲು ಎರಡು ಸಲ ಎಳ್ದು ಹಾಕ್ಬೇಕು, ನಮ್ಮಮ್ಮ ಈಗ್ಲೂ "ಏನೋ ಇದು, ಬೀರು ಬಾಗ್ಲು ಇದ್ದಂಗಿದೆ" ಅಂತಾರೆ. ಹಾಗೇ ಕಾಲಿನ ಹತ್ರ ಎಂಜಿನ್ ಕಡೆ ಗೋಡೇಲಿ ಕ್ಲಚ್ಚು, ಸ್ಟೀರಿಂಗು, ವೈರು ಹೋಗೋ ತೂತುಗಳ ಗ್ರೋಮೆಟ್ (ತೂತು ಮುಚ್ಚೋ ರಬ್ಬರ್ ಬಳೆ) ಪುಡಿಪುಡಿ ಆಗಿರತ್ತೆ, ಎಲ್ಲಾ ಬದಲಾಯಿಸಿ. ಗೋಡೇಲಿ ನೂರಕ್ಕೆ ಒಂದು ಭಾಗ ತೂತಿದ್ರೆ ಉಳಿದದ್ದು ಎಷ್ಟೇ ಗಟ್ಟಿ ಇದ್ರೂ 20 ಡಿಬಿಗಿಂತ (ಡೆಸಿಬೆಲ್, ಸದ್ದಿನ ಅಳತೆ) ಜಾಸ್ತಿ ತಡಿಯೋಕಾಗಲ್ಲ. ಗ್ರೋಮೆಟ್‌ಗೆ ಆದ ಖರ್ಚು ಒಂದು ಮಸಾಲೆ ದೋಸೆ ಕಾಫಿಯದ್ದು.

ಟೈರ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಸೈಡಲ್ಲಿರೋ ನಾಲ್ಕಂಕಿ ನೋಡಿ, ಟೈರ್ ತಯಾರಾದ ವಾರ ಮತ್ತೆ ವರ್ಷ ಅದು, ಹಳೇದಾಗಿ ರಬ್ಬರ್ ಕಲ್ಲಾಗಿದ್ರೆ ವೈಟ್ ಟಾಪಿಂಗ್ (ಕಾಂಕ್ರೀಟ್) ರೋಡಲ್ಲಿ ಗೊರ್ ಅಂತಾನೇ ಇರತ್ತೆ, ಯಾವ ಶೀಟೂ ಕಾಪಾಡಲ್ಲ. ಅಂಡರ್‌ಕೋಟಿಂಗು ಮಡ್‌ಗಾರ್ಡಿಗೆ ಕಲ್ಲು ಬಡಿಯೋ ಟಕಟಕ ಕಮ್ಮಿ ಮಾಡತ್ತೆ, ತುಕ್ಕಿನ ಮೇಲೆ ಹಾಕಿದ್ರೆ ತುಕ್ಕನ್ನ ಬಚ್ಚಿಡತ್ತೆ, ಅಷ್ಟೇ. ಎಂಎಲ್‌ವಿ ಅಂತ ಭಾರದ ವಿನೈಲ್ ಹಾಳೆ ಬರತ್ತೆ, ಚದರ ಮೀಟರ್‌ಗೆ ಸುಮಾರು 5 ಕೆಜಿದು, ಹೊರಗಿನ ಸದ್ದು ತಡಿಯೋಕೆ ಅದೇ ಸರಿಯಾದ ಸಾಮಾನು, ಆದ್ರೆ ಈ ಬಜೆಟ್ಟಿಗೆ ಬರಲ್ಲ.

ಫೋನ್ ಆ್ಯಪಲ್ಲಿ ಅಳೆದಿದ್ದು ನಂಬೋ ಹಾಗಿಲ್ಲ, ಒಂದೇ ರೋಡು ಒಂದೇ ಸ್ಪೀಡಲ್ಲಿ ಹಿಂದೆ ಮುಂದೆ ಹೋಲ್ಸೋಕೆ ಮಾತ್ರ ಸರಿ. ಅರವತ್ತು ಕಿ.ಮೀ. ಸ್ಪೀಡಲ್ಲಿ ಗಾಜೇರಿಸಿ ನೋಡಿದಾಗ ಎಲ್ಲಾ ಸೇರಿ ಐದಾರು ಡಿಬಿ ಇಳಿದಿದೆ, ಅದರಲ್ಲಿ ಅರ್ಧಕ್ಕೂ ಜಾಸ್ತಿ ಶೀಟ್ ಹಾಕೋ ಮುಂಚೆನೇ ಇಳಿದಿತ್ತು. ಕಿವಿಗೆ ಅರ್ಧ ಆಯ್ತು ಅನ್ನಿಸ್ಬೇಕಿದ್ರೆ ಸುಮಾರು 10 ಡಿಬಿ ಇಳೀಬೇಕು, ಅಲ್ಲಿಗೆ ಹೋಗಿಲ್ಲ. ಮುಂದಿನ ತ್ರಿಕೋನ ಗಾಜಿನ ಸಿಳ್ಳೆ ಇನ್ನೂ ಇದೆ, ಆ ರಬ್ಬರಿಗೆ ಶಿವಾಜಿನಗರದ ಗುಜರಿ ಕಡೆ ಹುಡುಕ್ತಾ ಇದ್ದೀನಿ. ಇನ್ನೊಂದು, ಬೇರೆ ಸದ್ದೆಲ್ಲ ಇಳಿದ್ಮೇಲೆ ಹಿಂದಿನ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳನ್ನ ತಿರುಗಿಸೋ ಗೇರ್ ಸೆಟ್) ಊಳಿಡೋದು ಈಗ ಸ್ಪಷ್ಟವಾಗಿ ಕೇಳ್ತಿದೆ, ಆಕ್ಸಿಲರೇಟರ್ ಬಿಟ್ಟಾಗ ಸುಮ್ನಾಗತ್ತೆ, ಒತ್ತಿದ್ರೆ ಮತ್ತೆ ಶುರು. ಆಯಿಲ್ ಚೆಕ್ ಮಾಡಿಸ್ದೆ, ಲೆವೆಲ್ ಸರಿಯಾಗೇ ಇದೆ, ಅಂದ್ರೆ ಅದು ಗೇರಿನ ಹಲ್ಲಿನ ವಿಷ್ಯ, ಬಿಚ್ಚಿ ಶಿಮ್ (ಸಂದು ಸರಿ ಮಾಡೋ ತೆಳು ಬಿಲ್ಲೆ) ಸೆಟ್ ಮಾಡೋಕೆ ಮೆಕ್ಯಾನಿಕ್ ಹೇಳಿದ ರೇಟು ಕೇಳಿ ಸದ್ಯಕ್ಕೆ ಬೇಡ ಅಂತ ಬಂದಿದ್ದೀನಿ.